ಐದು ಬಾಯಿಯ ರಿಸೀವರ್

ಬಂಡೆಪ್ಪನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಮಲಾಡಿನ ಬಿಲ್ಡಿಂಗುಗಳಿಗೆ ಬಣ್ಣ ಹೊಡೆಸುವ ಮೇಸ್ತ್ರಿ ಅವನು. ಬಣ್ಣ ಒಣಗುವ ತನಕ ಕಾಯಲಾರದೆ ಬೆರಳಿಟ್ಟು ನೋಡಿ, ತನ್ನ ಗೋಡೆ ತಾನೇ ಕೆಡಿಸಿಕೊಳ್ಳುವ ಪೈಕಿ. ಅಂಥವನು ಹೆಂಡತಿಗೆ ಮಾತು ಕೊಟ್ಟುಬಿಟ್ಟಿದ್ದ: ಮಗಳ ಏಳನೇ ತಿಂಗಳ ಕುಬಸಕ್ಕೆ ನಿಮ್ಮವ್ವನೇ ಹಾಡುತ್ತಾಳೆ, ನೋಡುತ್ತಿರು, ಎಂದು.

ಹೆಂಡತಿ ನೀಲಾಬಾಯಿಯ ಅವ್ವ ರುದ್ರವ್ವ ತೀರಿಕೊಂಡು ವರ್ಷವಾಗಿತ್ತು. ಅವಳು ಇದ್ದಷ್ಟು ದಿನ ಆ ಮನೆತನದ ಯಾವ ಬಸುರಿಯ ಕುಬಸವೂ ಅವಳ ಸೋಬಾನೆ ಪದವಿಲ್ಲದೆ ನಡೆದದ್ದಿಲ್ಲ. ರುದ್ರವ್ವ ನಡುವೆ ಕೂತು ಒಂದು ಸೊಲ್ಲು ಎತ್ತಬೇಕು, ಆಚೀಚೆ ಕೂತ ಹೆಂಗಸರು ಅದನ್ನೇ ಹಿಡಿದು ತಿರುಗಿ ಹಾಡಬೇಕು, ಆಮೇಲೆಯೇ ಉಡಿ ತುಂಬುವುದು. ಈಗ ಮೊಮ್ಮಗಳು ಶಿವಕುಮಾರಿಯ ಸರದಿ. ನೀಲಾಬಾಯಿಯೋ, ಅವ್ವನ ಮುಂದೆ ನನ್ನ ದನಿ ಎಲ್ಲಿಯದು ಎಂದು ಯಾವತ್ತೂ ಹಿಂದಿನ ಸಾಲಿನಲ್ಲಿ ಉಳಿದವಳು. ಹಾಡಿಲ್ಲದೆ ಮಗಳ ಉಡಿ ಹೇಗೆ ತುಂಬಲಿ ಎಂಬ ಕೊರಗು ಅವಳನ್ನು ತಿನ್ನುತ್ತಿತ್ತು. ತಮ್ಮ ರಾಮಪ್ಪ ಹಿಂದೊಮ್ಮೆ ಮೊಬೈಲಿನಲ್ಲಿ ಹಿಡಿದಿಟ್ಟ ಅವ್ವನ ಹಾಡೇನೋ ಇತ್ತು. ಆದರೆ ಅಷ್ಟು ಸಣ್ಣ ದನಿ ಹೆಂಗಸರು ತುಂಬಿದ ಮನೆಯಲ್ಲಿ ಯಾರಿಗೆ ಕೇಳೀತು?

ಮಂಚದ ಕೆಳಗೆ ಎರಡು ಭಾರಿ ಸ್ಪೀಕರ್ ಇದ್ದವು. ಮನೆ ಖಾಲಿ ಮಾಡಿದ ಸಾಹೇಬರೊಬ್ಬರು ಒಯ್ಯಿ ಎಂದು ಕೊಟ್ಟದ್ದು. ಸ್ಪೀಕರಿಗೆ ದನಿ ಹಾಯಿಸುವ ಅಗ್ಗದ್ದೊಂದು ರಿಸೀವರ್ ತಂದು ಜೋಡಿಸಿದರೆ ಮುಗಿಯಿತು ಅಂದುಕೊಂಡ ಬಂಡೆಪ್ಪ. ಮುಗಿಯುವುದು ಎಲ್ಲಿಂದ ಬಂತು! ಒಬ್ಬ ಅಂಗಡಿಯವನು ವ್ಯಾಟ್ ನೋಡು ಅಂದ, ಇನ್ನೊಬ್ಬ ಬ್ರ್ಯಾಂಡ್ ನೋಡು ಅಂದ. ಬಂಡೆಪ್ಪನ ತಲೆ ಕೆಟ್ಟು ಹೋಯಿತು. ರಾತ್ರಿ ನಿದ್ದೆಯಿಲ್ಲ, ಹಗಲು ಕೆಲಸದ ಮೇಲೆ ಗಮನವಿಲ್ಲ. ಲೋಕಲ್‌ನಲ್ಲಿ ಸೀಟು ಸಿಕ್ಕರೂ ಕೂರದೆ ಬಾಗಿಲಲ್ಲೇ ನಿಂತು ಗ್ರಾಂಟ್ ರೋಡಿಗೆ ಹೋದ.

ಅಲ್ಲಿ ಹಳೆಯ ಸಾಮಾನು ಮಾರುವ ಮಂಗಳೂರಿನ ಕಡೆಯ ಧನರಾಜ್ ಸಿಕ್ಕ. ಸ್ಪೀಕರಿನ ಬೆನ್ನಿನ ಫೋಟೋ ನೋಡಿದವನೇ, ಇವು ನಾಲ್ಕು ಓಮಿನವು, ಕರೆಂಟು ಜಾಸ್ತಿ ಎಳೆಯುತ್ತವೆ, ಸಿಕ್ಕ ರಿಸೀವರಿಗೆ ಕಟ್ಟಿದರೆ ಅದು ಕಾದು ನಡುವೆಯೇ ಆರಿಹೋಗುತ್ತದೆ ಎಂದು ತಿಳಿಸಿ ಹೇಳಿದ. ಆ ಭಾರ ತಡೆಯುವಂಥ ಒಂದು ಸಾದಾ ಡಬ್ಬಿ ತೆಗೆದಿಟ್ಟ. ಎರಡೇ ಸ್ಪೀಕರ್ ಹಿಡಿಯುವಂಥದ್ದು.

ಬಂಡೆಪ್ಪನ ಕಣ್ಣು ಅದರ ಮೇಲೆ ನಿಲ್ಲಲಿಲ್ಲ. ಪಕ್ಕದಲ್ಲಿ ಐದು ಸ್ಪೀಕರಿಗೆ ಜೋಡಿಸಿಟ್ಟ ದೊಡ್ಡ ರಿಸೀವರ್ ನೀಲಿ ದೀಪ ಬಿಡುತ್ತ ಕೂತಿತ್ತು. ಮೊಬೈಲಿನಲ್ಲಿದ್ದ ಅವ್ವನ ಹಾಡನ್ನು ಅದರಲ್ಲಿ ಹಾಕಿಸಿ ಕೇಳಿದ. ಅಬ್ಬಾ, ರುದ್ರವ್ವ ಎದುರಿಗೇ ಕೂತ ಹಾಗಾಯಿತು! ಮುದುಕಿ ಬದುಕಿದ್ದಾಗ ಅಳಿಯನಿಗೆ ಬರದಿದ್ದ ಕಣ್ಣೀರು ಈಗ ಬಂತು.

"ನಿಮಗಿರುವುದು ಎರಡೇ ಸ್ಪೀಕರ್, ಆ ಸಣ್ಣದೇ ಸಾಕು ಮಾರಾಯ್ರೆ," ಎಂದ ಧನರಾಜ್.

ಕೇಳುವವನಾದರೆ ಅವನು ಬಂಡೆಪ್ಪನೇ ಅಲ್ಲ. ಚೆಂಬೂರಿನ ಬೀಗರ ಮುಂದೆ ಎರಡು ಬಾಯಿಯ ಡಬ್ಬಿ ಇಡುವುದೇ? ಇದೂ ಭಾರ ತಡೆಯುತ್ತದೆ ತಾನೇ ಎಂದು ಖಾತ್ರಿ ಮಾಡಿಕೊಂಡು ದೊಡ್ಡದನ್ನೇ ಹೊತ್ತು ತಂದ. ಅಂಗಡಿಯಲ್ಲಿ ಕೇಳಿದ್ದಾಯಿತಲ್ಲ ಎಂದು ಮನೆಯಲ್ಲಿ ಒಮ್ಮೆಯೂ ಹಾಕಿ ನೋಡಲಿಲ್ಲ.

ಕುಬಸದ ದಿನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಿವಕುಮಾರಿ ಹಸಿರು ಸೀರೆ, ಹಸಿರು ಬಳೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ನೀಲಾಬಾಯಿ ಉಡಿ ತುಂಬುವ ಅಕ್ಕಿ, ಕೊಬ್ಬರಿ ಹಿಡಿದು ಮಗಳ ಎದುರಿಗಿದ್ದಳು. ಬಂಡೆಪ್ಪ ಸೊಂಟದ ಮೇಲೆ ಕೈಯಿಟ್ಟು ಹಾಡು ಶುರು ಮಾಡಿದ.

ಬಳೆ ಸದ್ದು ಬಂತು. ಆಚೀಚೆಯ ಹೆಂಗಸರು ಒಟ್ಟಾಗಿ ಸೊಲ್ಲು ತಿರುಗಿಸಿದ್ದು ಬಂತು. ರುದ್ರವ್ವ ಮಾತ್ರ ಬರಲಿಲ್ಲ. ಅವಳು ಹಾಡಬೇಕಾದ ಜಾಗವೆಲ್ಲ ಖಾಲಿ. ದನಿ ಏರಿಸಿದರೆ ಅಡುಗೆಮನೆಯ ಪಾತ್ರೆ ಅದುರಿದವು, ಅವ್ವ ಬರಲಿಲ್ಲ. ಬೀಗತಿ ಸೇವಂತಿ, ಮುಂದ ಹಾಡಾಕಿ ಎಲ್ಲಿ ಹೋದಳು ಎಂದು ಮೆತ್ತಗೆ ಕೇಳಿದಳು. ಬಂಡೆಪ್ಪ ನೀಲಾಬಾಯಿಯ ಮುಖ ನೋಡಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬಾಗಿಲಾಚೆ ಓಡಿ ಧನರಾಜನಿಗೆ ಫೋನ್ ಮಾಡಿದ. ಆತ ನಿಟ್ಟುಸಿರು ಬಿಟ್ಟು ವಿವರಿಸಿದ: ನಡುವಿನ ದನಿಯನ್ನು ರಿಸೀವರ್ ನಡುವಿನ ಸ್ಪೀಕರಿಗೇ ಕಳಿಸುತ್ತಿದೆ, ನಿಮ್ಮಲ್ಲಿ ಆ ಸ್ಪೀಕರೇ ಇಲ್ಲವಲ್ಲ. ಮೆನುವಿಗೆ ಹೋಗಿ ನಡುವಿನದು ಇಲ್ಲ ಎಂದು ಹೇಳಿ, ಅಮ್ಮ ಎರಡರಲ್ಲೂ ಬರುತ್ತಾರೆ.

ಬಂಡೆಪ್ಪ ಒಳಗೆ ನುಗ್ಗಿ, ಹಾಡನ್ನು ಮತ್ತೆ ಮೊದಲಿನಿಂದ ಬಿಟ್ಟು, ರಿಮೋಟ್ ಹಿಡಿದು ರಿಸೀವರಿಗೆ ಜೋಡಿಸಿದ್ದ ಟಿವಿಯ ಪರದೆಯ ಮೇಲೆ ಹುಡುಕತೊಡಗಿದ. ಒಂದು ಮೆನು, ಅದರೊಳಗೆ ಇನ್ನೊಂದು. ಕಡೆಗೂ ಆ ಸಾಲು ಸಿಕ್ಕಿತು. ಇನ್ನು ಒಂದೇ ಗುಂಡಿ ಒತ್ತುವುದು.

ಆಗ ಆ ಖಾಲಿ ಜಾಗದಲ್ಲಿ ಒಂದು ದನಿ ಎದ್ದಿತು. ಮೊದಲು ಮೆಲ್ಲಗೆ, ಆಮೇಲೆ ನೆಟ್ಟಗೆ. ನೀಲಾಬಾಯಿ ಹಾಡುತ್ತಿದ್ದಳು. ಅವಳ ಸೊಲ್ಲು ಮುಗಿಯುತ್ತಲೇ ಸ್ಪೀಕರಿನೊಳಗಿನ ಊರ ಹೆಂಗಸರು ಅದನ್ನೇ ಎತ್ತಿಕೊಂಡರು. ಶಿವಕುಮಾರಿ ತಾಯಿಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಈ ದನಿ ಮೂವತ್ತು ವರ್ಷ ತನ್ನ ಮನೆಯಲ್ಲೇ ಇತ್ತೇ ಎಂದು ಬಂಡೆಪ್ಪ ದಂಗಾದ.

ಗಂಡನ ಕೈಯ ರಿಮೋಟ್ ನೀಲಾಬಾಯಿಯ ಕಣ್ಣಿಗೆ ಬಿತ್ತು. ಹೆಂಗಸರು ತಿರುಗಿ ಹಾಡುವ ಆ ಬಿಡುವಿನಲ್ಲೇ ಅವನ ಕಡೆ ಬಾಗಿದಳು.

"ಈಗ ಬ್ಯಾಡ್ರಿ," ಅಂದಳು. "ಅವ್ವ ಬಂದ್ರ ನಾ ಅತ್ತುಬಿಡ್ತೀನಿ."

ಮಗಳ ಉಡಿಗೆ ಅಕ್ಕಿ ಸುರಿಯುತ್ತ ಮುಂದಿನ ಸೊಲ್ಲು ಎತ್ತಿಕೊಂಡಳು.