ಇಳಿದ ಮುಳ್ಳು

ಹೆದ್ದಾರಿ ಗುಡ್ಡ ಹತ್ತಲು ಶುರುವಾಗುವ ತಿರುವಿನಲ್ಲಿ ಆ ಗಂಡ ಹೆಂಡತಿಯ ರೇಡಿಯೇಟರ್ ಅಂಗಡಿ. ಬಿಚ್ಚುವುದು, ಕೂರಿಸುವುದು ಗಂಡನ ಕೆಲಸ. ಸೋರುವ ಜಾಗ ಹುಡುಕಿ ಬೆಸುಗೆ ಹಾಕುವುದು ಹೆಂಡತಿಯದು. ಅವಳ ಕೈಯ ಬೆಸುಗೆ ಮತ್ತೆ ಬಿಡುವುದಿಲ್ಲವೆಂದು ಲಾರಿ ಡ್ರೈವರುಗಳು ಅವಳನ್ನು ರೇಡಿಯೇಟರಕ್ಕ ಎಂದೇ ಕರೆಯುತ್ತಿದ್ದರು.

ಅವರು ಈ ಕೆಲಸಕ್ಕೆ ಬಂದದ್ದು ಇಷ್ಟಪಟ್ಟಲ್ಲ. ಗಂಡ ಹದಿಮೂರು ವರ್ಷ ಒಬ್ಬ ಕಂಟ್ರಾಕ್ಟರ್ ಮನೆಯಲ್ಲಿ ಡ್ರೈವರಾಗಿದ್ದ. ಬೆಳಿಗ್ಗೆ ಮುಖ ತೊಳೆಯುವುದಕ್ಕೂ ಮೊದಲು ಕಾರಿನ ಕೂಲಂಟ್ ನೀರು ನೋಡುವ ಮನುಷ್ಯ. ಒಂದು ಸೋಮವಾರ ಶೆಡ್ಡಿನ ಬಾಗಿಲು ತೆಗೆದರೆ ರೇಡಿಯೇಟರ್ ಬರಿದಾಗಿತ್ತು, ಎಂಜಿನ್ ಸುಟ್ಟು ಕೂತಿತ್ತು. ಹಿಂದಿನ ದಿನ ಕಾರು ಒಯ್ದಿದ್ದವನು ಕಂಟ್ರಾಕ್ಟರನ ಮಗ. ಕೆಲಸ ಹೋದದ್ದು ಡ್ರೈವರನದು. 'ನೀರು ನೋಡದ ಡ್ರೈವರ್' ಎಂಬ ಹೆಸರು ಊರೆಲ್ಲ ಹಬ್ಬಿ, ಆಮೇಲೆ ಯಾರೂ ಅವನ ಕೈಗೆ ಕೀಲಿ ಕೊಡಲಿಲ್ಲ.

ಇದಾಗಿ ಒಂಬತ್ತು ವರ್ಷ. "ಸಾರ್‌ಗೆ ನಿಜ ಗೊತ್ತಿರಲಿಲ್ಲ ಕಣೇ. ಗೊತ್ತಿದ್ದಿದ್ರೆ ಹಾಗೆ ಮಾಡ್ತಿರಲಿಲ್ಲ" ಎಂದು ಅವನು ಈಗಲೂ ಹೇಳುತ್ತಿದ್ದ. ಅವಳು ಹಲ್ಲು ಕಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದಳು.

ಅವತ್ತು ಮಧ್ಯಾಹ್ನ ಬಿಳಿ ಕಾರೊಂದು ಬಾನೆಟ್ಟಿನ ಸಂದಿಯಿಂದ ಆವಿ ಬಿಡುತ್ತ, ಏದುಸಿರಿನಲ್ಲಿ ಬಂದು ಅಂಗಡಿಯ ಮುಂದೆ ನಿಂತಿತು. ಮುಂದಿನ ಬಾಗಿಲಿಂದ ಇಳಿದವನು ಕಂಟ್ರಾಕ್ಟರನ ಅದೇ ಮಗ. ಹಿಂದಿನ ಸೀಟಿನಲ್ಲಿ ಅಪ್ಪ. ಮಗ ಸೀದಾ ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ.

"ಮುಟ್ಬೇಡಿ ಚಿಕ್ಕ ಸಾರ್." ಗಂಡ ಓಡಿ ಹೋಗಿ ಅವನ ಕೈ ಹಿಡಿದ. "ಕುದಿಯೋ ನೀರು ಮುಖಕ್ಕೇ ಹಾರುತ್ತೆ. ಅರ್ಧ ಗಂಟೆ ಆರಲಿ."

ಹಾರಿದ್ದರೆ ಹಾರುತ್ತಿತ್ತು ಬಿಡು ಎಂದುಕೊಂಡಳು ಅವಳು. ಈಗಲೂ 'ಚಿಕ್ಕ ಸಾರ್' ಅಂತೆ.

"ಓ, ನೀನಾ? ಇಲ್ಲಿದೀಯಾ?" ಎನ್ನುತ್ತ ಕಂಟ್ರಾಕ್ಟರ್ ಇಳಿದ. ಗಂಡ ಹೆಗಲ ಮೇಲಿನ ಬಟ್ಟೆಯಿಂದ ಕುರ್ಚಿ ಒರೆಸಿ ಮುಂದಿಟ್ಟ.

"ಎರಡು ಗಂಟೆಗೆ ಗುಡ್ಡದ ಮೇಲೆ ಮೀಟಿಂಗಿದೆ. ದೊಡ್ಡ ಕೆಲಸ, ಸಹಿ ಹಾಕಬೇಕು. ಬೇಗ ನೋಡಯ್ಯಾ" ಎಂದ ಕಂಟ್ರಾಕ್ಟರ್.

ಬಿಸಿ ಇಳಿದ ಮೇಲೆ ಅವಳು ಟಾರ್ಚ್ ಹಿಡಿದು ಬಗ್ಗಿ ನೋಡಿದಳು. ಕೆಳಗಿನ ರಬ್ಬರ್ ಹೋಸ್ ಉದ್ದಕ್ಕೆ ಸೀಳಿತ್ತು. ಕೂಲಂಟ್ ಪೂರ್ತಿ ಖಾಲಿ. ಅದೃಷ್ಟಕ್ಕೆ ಎಂಜಿನ್ನಿಗೆ ಇನ್ನೂ ಏನೂ ಆಗಿರಲಿಲ್ಲ. ಗಂಡ ಗೋಡೆಯ ಮೊಳೆಯಿಂದ ಅದೇ ಅಳತೆಯ ಹೊಸ ಹೋಸ್ ತೆಗೆದುಕೊಂಡ. ಇಪ್ಪತ್ತು ನಿಮಿಷದ ಕೆಲಸ.

ಅವಳು ಸೊಂಟ ನೆಟ್ಟಗೆ ಮಾಡಿ ಮಗನನ್ನು ಕೇಳಿದಳು. "ಬಿಸಿಯಾಗಿದೆ ಅನ್ನೋ ಕೆಂಪು ದೀಪ ಹತ್ತಿ ಎಷ್ಟು ಹೊತ್ತಾಗಿತ್ತು?"

"ಆಗಷ್ಟೇ ಹತ್ತಿತ್ತು."

"ಆ ಭಾನುವಾರ ಎಷ್ಟು ಹೊತ್ತು ಹತ್ತಿತ್ತು?"

ಮಗ ಅಪ್ಪನ ಮುಖ ನೋಡಿದ.

"ಸುಮ್ನಿರೇ" ಎಂದ ಗಂಡ, ಹೋಸ್ ಹಿಡಿದುಕೊಂಡೇ.

"ನೀವು ಸುಮ್ನಿರಿ. ಒಂಬತ್ತು ವರ್ಷ ಸುಮ್ನಿದ್ದಿದ್ದು ಸಾಕು. ಸಾರ್, ಆ ಎಂಜಿನ್ ಸುಟ್ಟಿದ್ದು ಯಾರು ಅಂತ ನಿಮ್ಮ ಮಗನ ಬಾಯಲ್ಲೇ ಕೇಳಿ."

ಕಂಟ್ರಾಕ್ಟರ್ ಗಡಿಯಾರ ನೋಡಿಕೊಂಡ. "ಕೇಳೋದೇನಮ್ಮಾ, ನಂಗೆ ಅವತ್ತೇ ಗೊತ್ತಿತ್ತು. ಆ ವಾರ ಇವನನ್ನ ಕಂಪನಿಗೆ ಪಾಲುದಾರನಾಗಿ ಸೇರಿಸ್ಕೋಬೇಕಿತ್ತು. ಕಾರೇ ನೋಡ್ಕೊಳ್ಳದವನು ಕಂಪನಿ ನೋಡ್ಕೋತಾನಾ ಅಂತ ಉಳಿದ ಪಾಲುದಾರರು ಕೇಳ್ತಿದ್ರು. ಯಾರ ತಲೆಗಾದ್ರೂ ಕಟ್ಟಬೇಕಿತ್ತು, ಕಟ್ಟಿದೆ. ಈಗೇನು, ಸ್ವಂತ ಅಂಗಡಿ ಇಟ್ಕೊಂಡು ಚೆನ್ನಾಗೇ ಇದೀರಲ್ಲ."

ಸತ್ಯ ಹೊರಬಿದ್ದರೆ ಈ ಮುದುಕನ ತಲೆ ತಗ್ಗುತ್ತದೆ ಎಂದು ಅವಳು ಎಷ್ಟೋ ಸಲ ಕಲ್ಪಿಸಿಕೊಂಡಿದ್ದಳು. ತಲೆ ಒಂದಿಷ್ಟೂ ತಗ್ಗಲಿಲ್ಲ.

ಗಂಡ ಕಂಟ್ರಾಕ್ಟರನ ಮುಖ ನೋಡಿದ. ಆಮೇಲೆ ಹೋಸನ್ನು ತಂದು ಮೊದಲಿನ ಮೊಳೆಗೇ ನೇತುಹಾಕಿದ.

"ಈ ಕೆಲಸ ನಾವು ಮಾಡಲ್ಲ."

"ಏನಂದೆ?"

"ಮಾಡಲ್ಲ ಅಂದೆ. ಎಳೆಯೋ ಗಾಡಿ ತರಿಸಿ. ಇದನ್ನ ಓಡಿಸಬೇಡಿ." ಇಷ್ಟು ವರ್ಷ ನಾಲಿಗೆಗೆ ಅಂಟಿದ್ದ 'ಸಾರ್' ಈ ಸಲ ಬಾಯಿಗೆ ಬರಲಿಲ್ಲ.

ಮಗ ಸಿಟ್ಟಿನಿಂದ ಅಲ್ಲೇ ಇದ್ದ ಡ್ರಮ್ಮಿನಿಂದ ಎರಡು ಬಕೆಟ್ ನೀರು ಮೊಗೆದು ರೇಡಿಯೇಟರಿಗೆ ಸುರಿದ. ಸುರಿದದ್ದರಲ್ಲಿ ಅರ್ಧ ಸೀಳಿದ ಹೋಸಿನಿಂದ ಸೋರಿ ಅವನ ಬೂಟಿನ ಹತ್ತಿರವೇ ಹರಿಯಿತು. ಕಾರು ಚಾಲೂ ಮಾಡಿ ಒಳಗಿಂದ ಕೂಗಿದ. "ಬಿಸಿ ತೋರಿಸೋ ಮುಳ್ಳು ಕೆಳಗಿಳಿದಿದೆ, ಅಪ್ಪ. ಇನ್ನು ಹನ್ನೊಂದೇ ಕಿಲೋಮೀಟರು." ಮತ್ತೆ ಅವಳ ಕಡೆ ತಿರುಗಿದ. "ಏನಮ್ಮಾ, ಇಳಿದಿದೆ ತಾನೇ?"

ನೀರಿದ್ದರೆ ಮಾತ್ರ ಮುಳ್ಳು ನಿಜ ಹೇಳುತ್ತದೆ. ನೀರು ಪೂರ್ತಿ ಸೋರಿಹೋದರೆ ಅದಕ್ಕೆ ಬಿಸಿ ತಟ್ಟುವುದೇ ಇಲ್ಲ. ಎಂಜಿನ್ ಕೆಂಡವಾದರೂ ತಣ್ಣಗೆ ಮಲಗಿರುತ್ತದೆ. ಅಂಗಡಿಗೆ ಬರುವ ಎಲ್ಲರಿಗೂ ಅವಳು ಅದನ್ನು ಹೇಳುತ್ತಿದ್ದಳು. ಒಂದು ಮಾತಿನ ಕೆಲಸ. ಗಂಡನ ಕಡೆ ನೋಡಿದಳು. ಅವನು ಬಾಯಿ ಬಿಡಲಿಲ್ಲ.

"ನಿಮ್ಮ ಕಣ್ಣಿಗೆ ಕಾಣಿಸ್ತಿದೆಯಲ್ಲ" ಎಂದಳು.

ಕಾರು ಏರು ಹತ್ತಿತು. ಗುಡ್ಡದ ರಸ್ತೆ ಅಂಗಡಿಯಿಂದ ಮೂರು ತಿರುವಿನವರೆಗೂ ಕಾಣುತ್ತಿತ್ತು. ಇಬ್ಬರೂ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು. ಮೊದಲ ತಿರುವು, ಎರಡನೆಯದು. ಮೂರನೆಯದರ ಹತ್ತಿರ ಕಟಕಟ ಸದ್ದು ಕೆಳಗಿನವರೆಗೂ ಕೇಳಿಸಿತು, ಆಮೇಲೆ ನಿಂತಿತು. ಈ ಸಲ ಎದ್ದದ್ದು ಕಪ್ಪು ಹೊಗೆ.

ಮೂರು ಗಂಟೆ ದಾಟಿದ ಮೇಲೆ ಎಳೆಯುವ ಗಾಡಿ ಆ ಕಾರನ್ನು ಎಳೆದುಕೊಂಡು ಇಳಿಯಿತು. ಅದರ ಡ್ರೈವರ್ ನೀರು ಕುಡಿಯಲು ಅಂಗಡಿಯ ಮುಂದೆ ನಿಲ್ಲಿಸಿದ. "ಎಂಜಿನ್ ಕಚ್ಚಿಕೊಂಡು ಕೂತಿದೆ, ಅಕ್ಕಾ. ಉಳಿಯಲ್ಲ. ನನ್ನ ಪಕ್ಕ ಕೂತು ಅಪ್ಪ ಮಗ ದಾರಿಯುದ್ದಕ್ಕೂ ಜಗಳ. ಏನೋ ಸಹಿ ತಪ್ಪಿತಂತೆ, ಕೆಲಸ ಬೇರೆಯವರಿಗೆ ಹೋಯ್ತಂತೆ."

ಕ್ಯಾಬಿನ್ನಿನ ಕಿಟಕಿಯಿಂದ ಕಂಟ್ರಾಕ್ಟರ್ ಇತ್ತ ನೋಡಿದ. ಬುತ್ತಿ ಬಿಚ್ಚಿ ಕೂತಿದ್ದ ಗಂಡ ಏಳಲಿಲ್ಲ, ಕೈ ಮುಗಿಯಲಿಲ್ಲ. ತುತ್ತು ಅಗಿಯುತ್ತಲೇ ಕಣ್ಣಿಗೆ ಕಣ್ಣಿಟ್ಟು ನೋಡಿದ. ಕೊನೆಗೆ ಕಂಟ್ರಾಕ್ಟರನೇ ಕಿಟಕಿಯ ಗಾಜು ಏರಿಸಿಕೊಂಡ.

ಗಾಡಿ ಹೋದ ಮೇಲೆ ಗಂಡ ಹೇಳಿದ. "ಮುಳ್ಳಿನ ವಿಷಯ ನಾನೂ ಹೇಳಲಿಲ್ಲ ಕಣೇ."

"ಗೊತ್ತು."

"ಹೇಳಬೇಕಿತ್ತಾ?"

ಅವಳು ಪ್ರಾಮಾಣಿಕವಾಗಿಯೇ ಯೋಚಿಸಿದಳು. ಎದೆಯ ಮೂಲೆಯಲ್ಲೆಲ್ಲಾದರೂ ಅಯ್ಯೋ ಅನ್ನಿಸುತ್ತಿದೆಯೇ ಎಂದು ಹುಡುಕಿದಳು.

"ಇಲ್ಲ" ಎಂದು, ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು.