ಐವತ್ತಮೂರು ದಿನ ಒಂದೇ ಅಂಕಿ

ಮಧ್ಯಾಹ್ನ ಮೂರು ಗಂಟೆಗೆ ಪರಿಶೀಲನೆಯ ಸಭೆ. ನನಗೆ ತಪ್ಪು ಕಂಡದ್ದು ಬೆಳಿಗ್ಗೆ ಹನ್ನೊಂದೂವರೆಗೆ.

ಹುಡುಕಿ ಕಂಡದ್ದೇನೂ ಅಲ್ಲ. ಸಭೆಯಲ್ಲಿ ತೋರಿಸುವ ಪಟ್ಟಿ ಅಚ್ಚುಕಟ್ಟಾಗಿರಲಿ ಎಂದು ಎಲ್ಲ ದಿನಗಳನ್ನೂ ಒಂದೇ ಹಾಳೆಗೆ ಇಳಿಸುತ್ತಿದ್ದೆ. ಒಂದು ಕಾಲಂ ಮೇಲಿನಿಂದ ಕೆಳಗಿನವರೆಗೆ ಒಂದೇ ತರಹ ಇತ್ತು. 1.0427. ಅದರ ಕೆಳಗೆ 1.0427. ಅದರ ಕೆಳಗೂ ಅದೇ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ.

ಈ ಕೊಲ್ಲಿ ದೇಶದ ರಾಜಧಾನಿಯ ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ, ಒಂದು ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ನಮ್ಮ ಸಣ್ಣ ಕಚೇರಿ. ಬೆಂಗಳೂರಿನಲ್ಲಿ ತಯಾರಾದ ಒಂದು ಪುಟ್ಟ ಉಪಗ್ರಹದ ರೇಡಿಯೋ ಉಪಕರಣ ಸಮುದ್ರದಿಂದ ಹೊರಡುವ ಕ್ಷೀಣ ಅಲೆಗಳನ್ನು ಅಳೆದು ಕಳಿಸುತ್ತದೆ. ಅದರಿಂದ ಸಮುದ್ರದ ಮೇಲಿನ ಗಾಳಿಯ ವೇಗದ ನಕ್ಷೆಯಾಗುತ್ತದೆ; ದೋಣಿಯವರೂ ಅದನ್ನು ನೋಡುತ್ತಾರೆ. ತಕ್ಕಡಿ ಸರಿಯಿದೆಯೇ ಎಂದು ಗೊತ್ತಿರುವ ತೂಕದ ಬಟ್ಟು ಇಟ್ಟು ನೋಡುವ ಹಾಗೆ, ಆ ಉಪಕರಣ ದಿನಕ್ಕೊಮ್ಮೆ ಖಾಲಿ ಆಕಾಶವನ್ನೂ ತನ್ನೊಳಗಿನ ಒಂದು ಬಿಸಿ ತುಂಡನ್ನೂ ನೋಡಿಕೊಳ್ಳುತ್ತದೆ. ಅದರಿಂದ ಆ ದಿನದ ತಿದ್ದುಪಡಿಯ ಅಂಕಿ ಬರುತ್ತದೆ. ಅಂಕಿಯನ್ನು ಪರೀಕ್ಷಿಸಿ, ಡೇಟಾಕ್ಕೆ ಹಸಿರು ಅಥವಾ ಕೆಂಪು ಗುರುತು ಹಾಕಿ, ಸಹಿ ಮಾಡುವುದು ನನ್ನ ಕೆಲಸ.

ಬಿಸಿಲು ನೆರಳುಗಳ ನಡುವೆ ಸುತ್ತುವ ಉಪಕರಣಕ್ಕೆ ಎರಡು ದಿನ ಒಂದೇ ಅಂಕಿ ಬರುವುದೇ ಅಪರೂಪ. ನನ್ನ ಪಟ್ಟಿಯಲ್ಲಿ ಐವತ್ತಮೂರು ದಿನ ಬಂದಿತ್ತು. ಎಲ್ಲವೂ ಹಸಿರು. ಎಲ್ಲದರ ಮುಂದೆ ನನ್ನ ಹೆಸರು: ಶಹೀದಾ.

ಮೊದಲು ನಾನು ಇದೇ ಕಚೇರಿಯ ರಿಸೆಪ್ಶನ್‌ನಲ್ಲಿದ್ದೆ. ಮೂರು ವರ್ಷ ಸಂಜೆ ತರಗತಿಗೆ ಹೋಗಿ ಡಿಪ್ಲೊಮಾ ಮಾಡಿದ ಮೇಲೆ ಈ ಕುರ್ಚಿ ಸಿಕ್ಕಿತು. ಏನಾದರೂ ಎಡವಟ್ಟು ಕಂಡರೆ ಅದು ಯಂತ್ರದ್ದಲ್ಲ, ನನ್ನದೇ ಎಂದು ಇವತ್ತಿಗೂ ಮೊದಲು ಅನ್ನಿಸುವುದು. ಈ ಕೆಲಸ ಹೋದರೆ ವೀಸಾ ಹೋಗುತ್ತದೆ. ಮಗಳು ಹಿಬಾಳ ಹತ್ತನೇ ತರಗತಿ ಅರ್ಧಕ್ಕೆ ನಿಲ್ಲುತ್ತದೆ.

ಒಂದೇ ಅಂಕಿ ಶುರುವಾದ ತಾರೀಕು ನೋಡಿದೆ. ರಂಜಾನಿನ ಮೊದಲ ಉಪವಾಸ.

ಎಲ್ಲ ನೆನಪಾಯಿತು. ಉಪವಾಸದ ತಿಂಗಳಲ್ಲಿ ನನಗೆ ಎರಡು ಗಂಟೆಗೇ ರಜೆ. ಉಪಗ್ರಹದ ಡೇಟಾ ಇಳಿಯುವುದು ನಾಲ್ಕು ಹತ್ತಕ್ಕೆ. ಆಂಟೆನಾ ನೋಡಿಕೊಳ್ಳುವ ಬೆಳ್ತಂಗಡಿಯ ಕೀರ್ತನ್ ಸರ್ ಆಗ ಹೇಳಿದ್ದರು: "ನೀವು ಉಪವಾಸ ಹಿಡ್ಕೊಂಡು ಎಂತಕ್ಕೆ ಕಾಯುದು ಮಾರಾಯ್ತಿ? ನಿನ್ನೆಯ ಅಂಕಿ ತಕ್ಕೊಂಡು ಕಂಪ್ಯೂಟರೇ ಪಾಸ್ ಮಾಡುವ ಹಾಗೆ ಸೆಟ್ಟಿಂಗ್ ಇಡ್ತೇನೆ. ಬೆಳಿಗ್ಗೆ ಬಂದು ಸರಿಯಾದ್ದು ಹಾಕಿದ್ರೆ ಆಯ್ತು."

ಬೆಳಿಗ್ಗೆ ಬಂದು ನೋಡಿದರೆ ಪರದೆ ಆಗಲೇ ಹಸಿರಾಗಿರುತ್ತಿತ್ತು. ಹಸಿರು ಎಂದರೆ ಪರೀಕ್ಷೆ ಮುಗಿದಿದೆ ಎಂದುಕೊಂಡೆ. ಸಹಿ ಒತ್ತಿದೆ. ಉಪವಾಸದ ಇಪ್ಪತ್ತೊಂಬತ್ತು ದಿನ, ಹಬ್ಬದ ಮೂರು ದಿನ, ಆಮೇಲೆ ಇಪ್ಪತ್ತೊಂದು ದಿನ.

ಕೀರ್ತನ್ ಸರ್‌ಗೆ ತೋರಿಸಿದೆ. ಅವರ ಕೈಯಲ್ಲಿದ್ದ ಚಹಾ ಹಾಗೇ ಉಳಿಯಿತು.

"ಹಬ್ಬ ಆದ ಮೇಲೆ ತೆಗೀಲಿಕ್ಕೆ ನಾನು ಹೇಳಿದ್ದೆ ಅಲ್ವಾ?"

"ಹೇಳಿದ್ದಿರಬಹುದು ಸರ್. ನನಗೆ ನೆನಪಿಲ್ಲ. ನೀವೇ ತೆಗೀತೀರಿ ಅಂದ್ಕೊಂಡಿದ್ದೆ."

"ಒಳ್ಳೇದು ಮಾಡ್ಲಿಕ್ಕೆ ಹೋಗಿ ಇದೊಂದು ಆಯ್ತು." ಅವರು ಬಾಗಿಲ ಕಡೆ ನೋಡಿ ಸ್ವರ ಇಳಿಸಿದರು. "ವ್ಯತ್ಯಾಸ ಸಣ್ಣದೇ ಇರ್ತದೆ. ಇವತ್ತು ಸುಮ್ಮನೆ ಇರಿ. ಮುಂದಿನ ತಿಂಗಳು ಮೆಲ್ಲ ಸರಿ ಮಾಡುವ. ಯಾರಿಗೂ ಗೊತ್ತಾಗುದಿಲ್ಲ."

ಸಣ್ಣದೇ ಇದ್ದರೆ ಸುಮ್ಮನಿರಬಹುದು ಎಂದು ನನಗೂ ಆಸೆಯಾಯಿತು. ಸುಳ್ಳು ಹೇಳಲಾರೆ. ಅದನ್ನು ಖಚಿತ ಮಾಡಿಕೊಳ್ಳಲೆಂದೇ ಮೂಲ ಡೇಟಾ ತೆರೆದು ಒಂದೊಂದೇ ದಿನದ ಅಂಕಿಯನ್ನು ಹೊಸದಾಗಿ ಲೆಕ್ಕ ಮಾಡಿದೆ. ಮೊದಲ ವಾರ 1.0431, 1.0436. ಆಮೇಲೆ ಏರುತ್ತಾ ಹೋಯಿತು. ನಿನ್ನೆಯದು 1.0871. ಕಳೆದ ವಾರ ಒಂದು ಸಂಜೆ ನಾವು ಹನ್ನೆರಡು ನಾಟ್ ವೇಗ ಎಂದು ಕೊಟ್ಟ ಗಾಳಿ ನಿಜವಾಗಿ ಹತ್ತೊಂಬತ್ತು ನಾಟ್ ಇತ್ತು.

ಆ ಸಂಜೆ ಯಾವ ದೋಣಿ ಹೊರಟಿತ್ತೋ ಗೊತ್ತಿಲ್ಲ. ಕೇಳುವುದಕ್ಕೂ ಧೈರ್ಯ ಬರಲಿಲ್ಲ.

ಮೂರು ಗಂಟೆಗೆ ಪರದೆಯಲ್ಲಿ ಬೆಂಗಳೂರಿನ ರೆಶ್ಮಾ ಮೇಡಂ ಬಂದರು. ಉಪಕರಣ ತಯಾರಿಸಿದ ತಂಡದವರು. ಡೇಟಾದ ಗುಣಮಟ್ಟಕ್ಕೆ ಅವರದೇ ಕೊನೆಯ ಮಾತು.

"ಶಹೀದಾ, ನಿಮ್ಮ ರಿಪೋರ್ಟ್ ನೋಡ್ದೆ. ಐವತ್ತು ಚಿಲ್ಲರೆ ದಿನ, ಒಂದೂ ರೆಡ್ ಇಲ್ಲ. ವೆರಿ ಗುಡ್ ಕಣ್ರೀ! ನಮ್ಮ ಹುಡುಗ್ರಿಗೆ ನಿಮ್ಮನ್ನ ತೋರಿಸ್ಬೇಕು."

ಕೀರ್ತನ್ ಸರ್ ಮೇಜಿನ ಕೆಳಗೆ ನನ್ನ ಕುರ್ಚಿಯ ಕಾಲನ್ನು ಮೆಲ್ಲಗೆ ಒದ್ದರು. ನಗಬೇಕು ಎಂದುಕೊಂಡೆ.

"ಮೇಡಂ, ಅದು ಸರಿ ಇಲ್ಲ."

"ಯಾವುದು?"

"ಐವತ್ತಮೂರು ದಿನವೂ. ಹಳೆಯ ಅಂಕಿಯೇ ಹೋಗಿದೆ. ಸರಿಯಾದ್ದು ಈಗ ಕಳಿಸಿದ್ದೇನೆ, ನೋಡಿ."

ಅವರು ಫೈಲ್ ತೆರೆದು ಮೇಲಿನಿಂದ ಕೆಳಗಿನವರೆಗೆ ಓದಿದರು.

"ಸೈನ್ ಯಾರದು?"

"ನನ್ನದು."

"ಟೆಸ್ಟ್ ಮಾಡ್ದೇನೇ ಸೈನ್ ಹಾಕಿದ್ರಾ?"

"ಹೌದು ಮೇಡಂ."

ಆಗ ಪಕ್ಕದಲ್ಲಿದ್ದ ಕೀರ್ತನ್ ಸರ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಆ ಸೆಟ್ಟಿಂಗ್ ಇಟ್ಟದ್ದು ನಾನು ಮೇಡಂ. ಯಾರನ್ನೂ ಕೇಳ್ಲಿಲ್ಲ."

ರೆಶ್ಮಾ ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಅಷ್ಟೂ ದಿನದ ಡೇಟಾ ಈಗಲೇ ವಾಪಸ್ ತಗೋಳ್ಳಿ. ನಕ್ಷೆ ಉಪಯೋಗಿಸೋ ಎಲ್ರಿಗೂ ಇವತ್ತೇ ನೋಟಿಸ್ ಹೋಗ್ಬೇಕು. ಇದನ್ನ ನಾನು ರಿಪೋರ್ಟ್‌ನಲ್ಲಿ ಬರೀಲೇಬೇಕು, ಇಬ್ಬರ ಹೆಸರೂ ಬರುತ್ತೆ. ನಿಮ್ಮ ಮ್ಯಾನೇಜ್‌ಮೆಂಟ್ ಏನು ಮಾಡುತ್ತೋ ನಂಗೊತ್ತಿಲ್ಲ."

"ಇವತ್ತಿನ ಡೇಟಾ ಇಳೀಲಿಕ್ಕೆ ಹೊತ್ತಾಯ್ತು," ಎಂದೆ. "ಯಾರು ನೋಡುವುದು?"

"ನೀವೇ ನೋಡಿ. ಬೇರೆ ಯಾರಿದ್ದಾರೆ ಅಲ್ಲಿ?"

ಪರದೆ ಆರಿತು. ಕೀರ್ತನ್ ಸರ್ ಆ ಸೆಟ್ಟಿಂಗನ್ನು ನನ್ನ ಕಣ್ಣೆದುರೇ ತೆಗೆದರು. ಐವತ್ತಮೂರು ಹಸಿರು ಗುರುತುಗಳನ್ನು ನಾನೇ ಒಂದೊಂದಾಗಿ ಕೆಂಪು ಮಾಡಿದೆ.

ನಾಲ್ಕು ಹತ್ತಕ್ಕೆ ಡೇಟಾ ಇಳಿಯಿತು. ಲೆಕ್ಕ ಮಾಡಿದೆ: 1.0874. ನಿನ್ನೆಯದಕ್ಕಿಂತ ಬೇರೆ. ಮತ್ತೊಮ್ಮೆ ಮಾಡಿದೆ. ಅದೇ ಬಂತು, ಅದೇ ಬಂದದ್ದಕ್ಕೆ ಹೆದರಿ ಮೂರನೇ ಸಲ ಕಾಗದದ ಮೇಲೆ ಪೆನ್ನಿನಿಂದ ಮಾಡಿದೆ. ಹಿಬಾ ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಕೊನೆಗೆ ಹಸಿರು ಒತ್ತಿ, ಇನ್ನೂ ನನ್ನದೇ ಆಗಿದ್ದ ಆ ಜಾಗದಲ್ಲಿ ನನ್ನ ಹೆಸರು ಹಾಕಿದೆ.