ಗಿರಣಿ ಮಡುವಿನ ಮೀನು

ಮೊದಲ ಮೀನಿನ ಹೊಟ್ಟೆಗೆ ಚಾಕು ಹಾಕುತ್ತಲೇ ಕಿತ್ತಳೆ ಬಣ್ಣದ ಮೊಟ್ಟೆಗಳು ಸ್ತಾನಿಯಾಳ ಕೈಮೇಲೆ ಸುರಿದವು. ಗಂಡನನ್ನು ಮಣ್ಣು ಮಾಡಿ ಬಂದವಳು ಕರಿಯ ತಲೆವಸ್ತ್ರವನ್ನು ಇನ್ನೂ ಬಿಚ್ಚಿರಲಿಲ್ಲ. ಅವಳು ಚಾಕು ಕೆಳಗಿಟ್ಟಳು.

"ತಿಹೋ, ಎಲ್ಲಿ ಹಿಡಿದೆ ಇವನ್ನ?"

ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ ತಿಹೊಮೀರನ ಮುಖ ಅರಳಿತು. ಅವನು ಜನ್ಮವಿಡೀ ಕದ್ದು ಮೀನು ಹಿಡಿದವನು. ಸ್ತಾನಿಯಾಳ ಗಂಡ, ಹೊಳೆ ಕಾವಲುಗಾರ ವುಕಾಶಿನ್ ಅವನ ಬಲೆ ಕಿತ್ತುಕೊಂಡದ್ದಕ್ಕೆ ಲೆಕ್ಕವಿಲ್ಲ. ಇವತ್ತು ವುಕಾಶಿನನ ಶವಪೆಟ್ಟಿಗೆಗೆ ಹೆಗಲು ಕೊಟ್ಟು ಎಲ್ಲರಿಗಿಂತ ಜೋರಾಗಿ ಅತ್ತವನೂ ಅವನೇ.

"ಗಿರಣಿ ಮಡೂಲಿ, ಅತ್ತಿಗೆ. ನಿನ್ನೆ ರಾತ್ರಿ ನೀವೇ ಹೇಳಿದ್ರಲ್ಲ. ಕ್ರಿಸ್‌ಮಸ್ ಉಪವಾಸ ಬೇರೆ, ಮಾಂಸ ಬಡಿಸೋ ಹಾಗಿಲ್ಲ, ಮೀನಷ್ಟೇ ನಡೆಯೋದು. ವುಕಾಶಿನನ ಸಾವಿನೂಟಕ್ಕೆ ಅಂಗಡಿ ಐಸ್ ಮೀನಾ? ನಾನಿನ್ನೂ ಬದುಕಿದೀನಿ!"

"ಎಲ್ಲಾನೂ ಹಿಡಿದ್ಯಾ?"

"ಒಂದೂ ಬಿಟ್ಟಿಲ್ಲ. ತೂಬು ತೆಗೆದು ಮಡುವನ್ನೇ ಬರಿದು ಮಾಡ್ದೆ. ಮರಿಗಳನ್ನ ಸಾರಿಗೆ ಹಾಕು ಅಂತ ಅಂಗಳದಲ್ಲಿ ಅಡುಗೆ ಮಾಡ್ತಿರೋ ಪೆರ್ಸಾಗೆ ಆಗ್ಲೇ ಕೊಟ್ಟಿದೀನಿ."

ಅಂಗಳದಲ್ಲಿ ಊರವರು ಆ ಸಾರನ್ನು ಸೊರಸೊರನೆ ಕುಡಿಯುತ್ತಿದ್ದರು.

*

ಕೆಲವು ವರ್ಷಗಳ ಹಿಂದೆ ವಿದ್ಯುತ್ತಿಗೆಂದು ಕಂಪನಿಯವರು ಬಂದು ಇಡೀ ಹೊಳೆಯನ್ನು ಪೈಪಿಗೆ ತುರುಕಿದ್ದರು. ಊರಿನ ಕೆಳಗೆ ಉಳಿದದ್ದು ಬರೀ ಕಲ್ಲು. ವುಕಾಶಿನ್ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದ. ಕಾಗದಪತ್ರ ಎಲ್ಲಾ ಸರಿಯಾಗಿದೆ ಎಂದು ಅಲ್ಲಿನವರು ಸಾಗಹಾಕಿದರು. ಕೊನೆಗೆ ಪಾದ ಮುಳುಗದಷ್ಟು ನೀರಲ್ಲಿ ಒದ್ದಾಡುತ್ತಿದ್ದ ಟ್ರೌಟ್ ಮೀನುಗಳನ್ನು ಬಕೆಟ್ಟಿಗೆ ಹಾಕಿಕೊಂಡು, ಪೈಪಿನ ಬಾಯಿಗಿಂತ ಮೇಲಿದ್ದ ಹಾಳು ಗಿರಣಿಯ ಮಡುವಿಗೆ ಹೊತ್ತ. ಇನ್ನೊಂದು ಬಕೆಟ್ಟು ಹಿಡಿದವಳು ಸ್ತಾನಿಯಾ.

"ಯಾರಿಗೂ ಹೇಳ್ಬೇಡ ಕಣೇ. ಇವಿದ್ರೆ ಹೊಳೆ ಇದೆ."

ಪ್ರತಿ ಚಳಿಗಾಲದ ಮೊದಲಲ್ಲಿ ವುಕಾಶಿನ್ ಹೆಣ್ಣು ಮೀನಿನ ಮೊಟ್ಟೆ, ಗಂಡು ಮೀನಿನ ಹಾಲಿನಂಥ ವೀರ್ಯ ಎರಡನ್ನೂ ಬೋಗುಣಿಗೆ ಹಿಂಡಿ, ಅಡುಗೆಮನೆಯಲ್ಲೇ ಕೂತು ಬಾತುಕೋಳಿ ಗರಿಯಿಂದ ಕಲಸುತ್ತಿದ್ದ. ಆಮೇಲೆ ನೀರು ಬಿಟ್ಟು, ಮರಿಯಾಗಲೆಂದು ಕಾಯುತ್ತಿದ್ದ. ಬಿಳಿಯಾದದ್ದು ಸತ್ತದ್ದು. ಅದನ್ನು ಗರಿಯ ತುದಿಯಲ್ಲಿ ಎತ್ತಿ ಹಾಕುತ್ತಿದ್ದ.

ನಿನ್ನೆ ಹೆಣದ ಪಕ್ಕ ಕೂತು ತಿಹೊಮೀರ್ ಗೋಳಾಡಿದ್ದ: "ಪಾಪ, ಅಷ್ಟು ವರ್ಷ ಹೊಳೆ ಕಾದ. ಏನುಳೀತು? ಒಂದು ಮೀನೂ ಇಲ್ಲ!" ಆ ಮಾತು ಅವಳಿಗೆ ತಡೆಯಲಾಗಲಿಲ್ಲ. ಸತ್ತವನ ಮಾನ ಉಳಿಯಲಿ ಎಂದು, ಗಿರಣಿ ಮಡುವಿನಲ್ಲಿ ಮೀನಿವೆ ಎಂದಷ್ಟೇ ಬಾಯಿಬಿಟ್ಟಳು.

*

"ಸ್ತಾನಾ, ಎಣ್ಣೆ ಕಾದಿದೆ, ಪಾದ್ರಿಗಳು ಕಾಯ್ತಿದಾರೆ," ಎನ್ನುತ್ತಾ ನೆರೆಮನೆಯ ಪೆರ್ಸಾ ಒಳಬಂದಳು. ತಿಹೊಮೀರನನ್ನು ನೋಡಿ, "ಇವತ್ತು ದಂಡ ಹಾಕೋರಿಲ್ಲ ಅಂತ ಭಾರೀ ಧೈರ್ಯ ನಿಂಗೆ!" ಎಂದಳು.

ಅವನು ನಗಲು ಹೋಗಿ ಬಿಕ್ಕಿದ. "ಹಾಕ್ಲಿ ಬಿಡು. ಎದ್ದು ಬಂದು ಹಾಕ್ಲಿ."

ಇಷ್ಟು ಪ್ರೀತಿಯಿಂದ ಯಾರೂ ಯಾರ ಮನೆಯನ್ನೂ ಹಾಳುಮಾಡಿರಲಿಕ್ಕಿಲ್ಲ. ಸ್ತಾನಿಯಾ ಒಂದೊಂದೇ ಮೀನು ಸೀಳಿ ಮೊಟ್ಟೆಗಳನ್ನೆಲ್ಲ ಬೋಗುಣಿಗೆ ಬಳಿದಳು. ಗಂಡು ಮೀನುಗಳ ಹೊಟ್ಟೆಯಿಂದ ಸಿಕ್ಕಷ್ಟು ಹಾಲು ಹಿಂಡಿದಳು. ರಾತ್ರಿಯೇ ಸತ್ತ ಮೀನುಗಳು. ತಡವಾಗಿದೆಯೆಂದು ಅವಳಿಗೆ ಗೊತ್ತಿತ್ತು. ಆದರೂ ಗೋಡೆಗೆ ಸಿಕ್ಕಿಸಿದ್ದ ಗರಿಯನ್ನು ತೆಗೆದು ಕಲಸತೊಡಗಿದಳು.

"ಅತ್ತಿಗೆ, ಏನ್ ಮಾಡ್ತಿದೀರಿ?"

ಅವಳು ತಣ್ಣೀರು ಬಿಟ್ಟಳು. ತಿಹೊಮೀರ್ ಬೋಗುಣಿಯನ್ನು ನೋಡಿದ, ಗರಿಯನ್ನು ನೋಡಿದ. ಕೈಯಲ್ಲಿದ್ದ ಟೋಪಿ ಕೆಳಗೆ ಬಿತ್ತು.

"ನಂಗೊಂದು ಮಾತು ಹೇಳ್ಬಾರ್ದಿತ್ತಾ..."

ಪೆರ್ಸಾ ಸೀಳಿದ ಮೀನುಗಳನ್ನು ಎತ್ತಿಕೊಂಡು ಹೋಗಿ ಎಣ್ಣೆಗೆ ಬಿಟ್ಟಳು. ಚುರ್ರೆಂದ ಸದ್ದಿಗೆ ಅಂಗಳದವರು ತಟ್ಟೆ ಸರಿಮಾಡಿಕೊಂಡರು. ಬೋಗುಣಿಯಲ್ಲಿ ಒಂದು ಮೊಟ್ಟೆ ಬಿಳಿಯಾಯಿತು. ಸ್ತಾನಿಯಾ ಅದನ್ನು ಗರಿಯ ತುದಿಯಲ್ಲಿ ಎತ್ತಿ ಹಾಕಿದಳು. ಪಕ್ಕದ್ದು ಬಿಳಿಯಾಯಿತು, ಅದನ್ನೂ ಎತ್ತಿದಳು. ಹಾಗೆ ಎತ್ತಿ ಹಾಕುತ್ತಲೇ ಇದ್ದಳು. ಬೋಗುಣಿಯಲ್ಲಿ ಬರೀ ನೀರು ಉಳಿಯುತ್ತಾ ಬಂತು.